ಮಹಡಿಗೊಂದು ಬಗೆಯ ಜಾಂಬಿ ಬೇಡ

ನೀವು ಬರೆಯಹೊರಟಿರುವ ಕಥೆಯಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟು. ಕೆಳಗಿನ ಮಹಡಿಗಳಲ್ಲಿ ಕಾಲೆಳೆದುಕೊಂಡು ನಡೆಯುವ ಜಾಂಬಿಗಳು, ಅಂದರೆ ಎದ್ದು ಓಡಾಡುವ ಹೆಣಗಳು, ನಡುವೆ ಓಡುವವು, ಅದರ ಮೇಲೆ ಮಾಟದವು, ಟೆರೇಸಿನಲ್ಲಿ ಬೇತಾಳ. ಇವುಗಳಲ್ಲಿ ಯಾವುದಕ್ಕೆ ಓದುಗರು ಜಾಸ್ತಿ ಹೆದರುತ್ತಾರೆ ಅಂತ ಕೇಳಿದ್ದೀರಿ. ಹೀಗೆ ಎಲ್ಲವನ್ನೂ ತುಂಬಿದರೆ ಯಾವುದಕ್ಕೂ ಹೆದರುವುದಿಲ್ಲ. ಊಹೆಯ ಮೇಲೆ ಹೇಳುತ್ತಿಲ್ಲ. ಚೆನ್ನಾಗಿ ನಡೆಯುತ್ತಿದ್ದ ನನ್ನದೊಂದು ಧಾರಾವಾಹಿ ಇದೇ ಕಾರಣಕ್ಕೆ ಮಣ್ಣುಪಾಲಾಯಿತು.

ನನ್ನದು ಮಂಡ್ಯ ಕಡೆಯ ಊರು, ಕಥೆಯೂ ಅಲ್ಲಿಯದೇ. ಕಂತು ಕಂತಾಗಿ ಕಥೆ ಹಾಕುವ ಒಂದು ಆ್ಯಪ್‌ಗೆ ಬರೆಯುತ್ತಿದ್ದೆ. ಸತ್ತವರು ಎದ್ದು ಬರುತ್ತಿದ್ದಾರೆ, ಗಿರಿಜಾ ಅನ್ನುವ ಹುಡುಗಿ ಊರು ಬಿಡಬೇಕು. ಅವಳ ಅಮ್ಮನಿಗೆ ಲಕ್ವ ಹೊಡೆದು ಒಂದು ಕಡೆ ಸ್ವಾಧೀನವಿಲ್ಲ. ತರಕಾರಿ ಮಾರುವ ತಳ್ಳುಗಾಡಿಯ ಮೇಲೆ ಚಾಪೆ ಹಾಸಿ, ಅಮ್ಮನನ್ನು ಕೂರಿಸಿಕೊಂಡು, ನಾಲೆ ಏರಿ ಮೇಲೆ ತಳ್ಳುತ್ತಾ ಹೊರಡುತ್ತಾಳೆ. ಸತ್ತವರು ಹಿಂದೆ ಬರುತ್ತಿರುತ್ತಾರೆ. ಬರೀ ನಡಿಗೆ, ಅದೂ ನಿಧಾನ.

ಆ ನಿಧಾನವೇ ಕಥೆಯ ಜೀವ. ಗಾಡಿ ತಳ್ಳುವ ಗಿರಿಜಾಳ ನಡಿಗೆ ಅವುಗಳ ನಡಿಗೆಗಿಂತ ಸ್ವಲ್ಪ ಬಿರುಸು, ಅಷ್ಟೇ. ಹಗಲೆಲ್ಲ ನಡೆದರೆ ಒಂದಿಷ್ಟು ದೂರ ಮುಂದೆ ಹೋಗಬಹುದು. ಆದರೆ ಅಮ್ಮನಿಗೆ ಒಂದಕ್ಕೆ ಬಂದರೆ ನಿಲ್ಲಬೇಕು. ಚಕ್ರ ಕೆಸರಿನಲ್ಲಿ ಹೂತರೆ ನಿಲ್ಲಬೇಕು. ನಿದ್ದೆಗೆ ಕಣ್ಣು ಮುಚ್ಚಿಕೊಂಡು ಬಂದರೆ ಎಲ್ಲಾದರೂ ಮಲಗಬೇಕು. ಅವು ನಿಲ್ಲುವುದಿಲ್ಲ, ಮಲಗುವುದಿಲ್ಲ. ಗಿರಿಜಾ ಒಬ್ಬಳೇ ಆಗಿದ್ದರೆ ಎಂದೋ ತಪ್ಪಿಸಿಕೊಂಡು ಹೋಗುತ್ತಿದ್ದಳು. ಅದು ಅವಳಿಗೂ ಗೊತ್ತು, ಅಮ್ಮನಿಗೂ ಗೊತ್ತು. ಪದೇ ಪದೇ ಗಾಡಿ ನಿಲ್ಲಿಸಬೇಕಾಗುತ್ತದೆ ಅಂತ ಅಮ್ಮ ನೀರು ಕುಡಿಯುವುದನ್ನೇ ಬಿಡುತ್ತಾಳೆ. ಕೊಟ್ಟ ನೀರನ್ನು ಬಾಯಲ್ಲಿಟ್ಟುಕೊಂಡು, ಮಗಳು ಆ ಕಡೆ ತಿರುಗಿದಾಗ ಸೆರಗಿಗೆ ಉಗಿಯುತ್ತಾಳೆ. ಈ ಕಂತಿಗೆ ಬಂದಷ್ಟು ಕಾಮೆಂಟು ಬೇರೆ ಯಾವುದಕ್ಕೂ ಬರಲಿಲ್ಲ. ಅದರಲ್ಲಿ ಒಂದೇ ಒಂದು ಕಚ್ಚಾಟವಿರಲಿಲ್ಲ, ರಕ್ತವಿರಲಿಲ್ಲ.

ಆಮೇಲೊಂದು ಕಂತಿಗೆ ಓದುಗರು ಕಡಿಮೆಯಾದರು. ಸ್ಪೀಡ್ ಸಾಲದೇನೋ ಅನ್ನಿಸಿತು. ಅದೇ ಹೊತ್ತಿಗೆ ಓಡುವ ಜಾಂಬಿಗಳ ಸಿನಿಮಾ ನೋಡಿದ್ದೆ. ಬರೆದೇಬಿಟ್ಟೆ: ‘ಗುಂಪಿನಲ್ಲಿ ಒಂದು ತಲೆ ಎತ್ತಿತು. ಗಾಳಿಯನ್ನು ಮೂಸಿತು. ಓಡತೊಡಗಿತು.’

ಈ ಮೂರು ಸಾಲು ಏನು ಮಾಡಿದವು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನೀವು ಅದೇ ಹಳ್ಳದ ದಡದಲ್ಲಿದ್ದೀರಿ. ಮೊದಲನೆಯದು, ಹಿಂದಿನ ಕಂತುಗಳೆಲ್ಲ ಸುಳ್ಳಾದವು. ಒಬ್ಬ ಓದುಗರು ಮಾರನೆಯ ದಿನವೇ ಕೇಳಿದರು: ‘ಓಡೋಕೆ ಬರುತ್ತೆ ಅಂದ್ರೆ ಅವತ್ತು ನಾಲೆ ಏರಿ ಮೇಲೆ ಯಾಕೆ ಓಡಲಿಲ್ಲ?’ ಉತ್ತರ ಇರಲಿಲ್ಲ. ಎರಡನೆಯದು, ಉತ್ತರ ಕೊಡಲೇಬೇಕಲ್ಲ ಅಂತ ಇವು ಬೇರೆ ಬಗೆಯವು ಅಂದೆ. ವೈರಸ್ ರೂಪ ಬದಲಿಸಿದೆ ಅಂದೆ. ವೈರಸ್ ಬಂತು ಅಂದಮೇಲೆ ಲ್ಯಾಬ್ ಬೇಕಾಯಿತು, ಲ್ಯಾಬಿಗೊಬ್ಬ ವಿಜ್ಞಾನಿ, ಅವನಿಗೊಂದು ಹಳೆ ಪಾಪ. ಅವನ ಕಥೆ ಹೇಳುವುದರಲ್ಲಿ ಮುಳುಗಿಹೋದೆ. ಮೂರನೆಯದೇ ನಿಜವಾದ ನಷ್ಟ. ಓಡುವ ಜಾಂಬಿ ಬಂದಮೇಲೆ ತಳ್ಳುಗಾಡಿಗೆ ಅರ್ಥವೇ ಇಲ್ಲ. ಅಮ್ಮನನ್ನು ಕರೆದುಕೊಂಡು ಹೋಗಬೇಕಾ, ಬಿಟ್ಟು ಹೋಗಬೇಕಾ ಅನ್ನುವ ಸಂಕಟ ಹುಟ್ಟುವುದು, ಕರೆದುಕೊಂಡು ಹೋಗಲು ಕಷ್ಟಪಟ್ಟಾದರೂ ಸಾಧ್ಯವಿದ್ದಾಗ ಮಾತ್ರ. ಓಡುವವುಗಳ ಮುಂದೆ ಅದು ಸಾಧ್ಯವೇ ಇಲ್ಲ. ಹಾಗಾಗಿ ಅಮ್ಮನನ್ನು ಒಂದು ಪಂಪ್‌ಹೌಸಿನಲ್ಲಿ ಕೂರಿಸಿ, ಗಿರಿಜಾಳನ್ನು ಲ್ಯಾಬಿಗೆ ಕಳಿಸಿದೆ. ಹಲವು ಕಂತು ಆ ಕಡೆ ತಿರುಗಿಯೂ ನೋಡಲಿಲ್ಲ. ನೀರು ಕುಡಿಯದೆ ಮಗಳನ್ನು ಕಾಪಾಡುತ್ತಿದ್ದ ಆ ಹೆಂಗಸನ್ನು, ಅವಳನ್ನು ಹುಟ್ಟಿಸಿದ ನಾನೇ ಮರೆತೆ. ಓದುಗರು ಮರೆಯಲಿಲ್ಲ. ‘ಅಮ್ಮ ಎಲ್ಲಿ?’ ಅಂತ ಕೇಳಿ ಕೇಳಿ ಸುಮ್ಮನಾದರು. ಆ್ಯಪ್‌ನವರು ಇದನ್ನು ಆಡಿಯೋ ಮಾಡುವ ಮಾತಾಡಿದ್ದರು, ಅದು ನಿಂತಿತು. ಧಾರಾವಾಹಿಯೂ ನಿಂತಿತು.

ಆಮೇಲೆ ನಾನು ಜಾಂಬಿ ಕಥೆಗಳನ್ನು ಬುಡದಿಂದ ನೋಡುತ್ತಾ, ಓದುತ್ತಾ ಬಂದೆ. ಪ್ರತಿ ಬಗೆಯೂ ಒಂದು ಬೇರೆ ಭಯದಿಂದ ಹುಟ್ಟಿದ್ದು, ಅದನ್ನು ಅಲ್ಲಿಂದ ಕಿತ್ತು ಬೇರೆ ಭಯದ ಪಕ್ಕ ನಿಲ್ಲಿಸಿದರೆ ಎರಡೂ ಸೊರಗುತ್ತವೆ ಅನ್ನುವುದು ಆಗ ಗೊತ್ತಾಯಿತು.

ನೀವು ‘ಮಾಟದ ಜಾಂಬಿ’ ಅಂತ ಒಂದು ಮಹಡಿ ಕೊಟ್ಟಿದ್ದೀರಲ್ಲ, ಅದೇ ಎಲ್ಲಕ್ಕಿಂತ ಹಳೆಯದು, ಕೆರಿಬಿಯನ್ ಕಡಲಿನ ಹೈಟಿ ದೇಶದ್ದು. ಆ ನಾಡು ಫ್ರೆಂಚರ ಕೈಯಲ್ಲಿದ್ದಾಗ ಆಫ್ರಿಕಾದಿಂದ ಹಿಡಿದು ತಂದವರನ್ನು ಕಬ್ಬಿನ ತೋಟಗಳಲ್ಲಿ ಸಾಯುವ ತನಕ ದುಡಿಸುತ್ತಿದ್ದರು. 1791ರಲ್ಲಿ ಗುಲಾಮರು ದಂಗೆ ಎದ್ದರು, 1804ರಲ್ಲಿ ನಾಡು ಸ್ವತಂತ್ರವಾಯಿತು. ಸತ್ತರೆ ಜೀವ ತಿರುಗಿ ಆಫ್ರಿಕಾಕ್ಕೆ ಹೋಗುತ್ತದೆ ಅನ್ನುವ ನಂಬಿಕೆ ಆ ಜನರಲ್ಲಿತ್ತು. ಜಾಂಬಿ ಅಂದರೆ ಅದೂ ಸಿಗದವನು. ಬೊಕೋರ್ ಅನ್ನುವ ಮಾಟಗಾರ ಹೆಣವನ್ನು ಎಬ್ಬಿಸಿ ಮತ್ತೆ ದುಡಿಮೆಗೆ ಹಚ್ಚುತ್ತಾನೆ. ಈ ಜಾಂಬಿ ಕಚ್ಚುವುದಿಲ್ಲ, ಅಟ್ಟಿಸಿಕೊಂಡು ಬರುವುದಿಲ್ಲ. ಅದಕ್ಕೆ ಉಪ್ಪು ತಿನ್ನಿಸಿದರೆ ತಾನು ಸತ್ತಿದ್ದೇನೆ ಅನ್ನುವ ನೆನಪು ಬಂದು ಗೋರಿಗೆ ವಾಪಸ್ ಹೋಗುತ್ತದಂತೆ. ಅಲ್ಲಿಯ ಜನರಿಗೆ ಜಾಂಬಿಯ ಭಯಕ್ಕಿಂತ ತಾವೇ ಜಾಂಬಿ ಆಗಿಬಿಡುತ್ತೇವೆ ಅನ್ನುವ ಭಯ ದೊಡ್ಡದು.

1932ರ ‘ವೈಟ್ ಜಾಂಬಿ’ ಸಿನಿಮಾದಲ್ಲಿ ಒಂದು ಸಕ್ಕರೆ ಗಿರಣಿಯ ದೃಶ್ಯವಿದೆ. ಜಾಂಬಿಗಳು ತಲೆಯ ಮೇಲೆ ಕಬ್ಬಿನ ಬುಟ್ಟಿ ಹೊತ್ತು ಸಾಲಾಗಿ ಬರುತ್ತವೆ, ಗಾಣ ಕಿರುಗುಟ್ಟುತ್ತಿರುತ್ತದೆ. ಒಂದು ಮುಗ್ಗರಿಸಿ ಗಾಣದೊಳಗೆ ಬೀಳುತ್ತದೆ. ಯಾರೂ ತಿರುಗಿ ನೋಡುವುದಿಲ್ಲ, ಗಾಣ ನಿಲ್ಲುವುದಿಲ್ಲ. ನಾನು ಆಲೆಮನೆ ನೋಡಿ ಬೆಳೆದಿದ್ದೇನೆ. ಗಾಣಕ್ಕೆ ಕಬ್ಬು ಕೊಡುವವನ ಕೈ ಒಂದು ಚೂರು ಒಳಕ್ಕೆ ಹೋದರೂ ಇಡೀ ಆಲೆಮನೆ ಕೂಗಿಕೊಂಡು ಓಡಿ ಬರುತ್ತದೆ. ಆ ಸಿನಿಮಾದಲ್ಲಿ ಕೂಗೇ ಇಲ್ಲ. ಅಷ್ಟು ಹಳೆಯ ಕಪ್ಪುಬಿಳುಪು ಸಿನಿಮಾ ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಈ ಜಾಂಬಿಗೆ ಯಜಮಾನ ಇರಲೇಬೇಕು. ಯಾರಿಗೆ ದುಡಿಯುತ್ತಿದೆ ಅನ್ನುವುದೇ ಅದರ ಕಥೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ಯಜಮಾನ ಯಾರು? ಪ್ರಶ್ನೆಯಲ್ಲಿ ಅವನ ಸುದ್ದಿಯೇ ಇಲ್ಲ.

ಈಗ ಎಲ್ಲರಿಗೂ ಗೊತ್ತಿರುವ, ಮನುಷ್ಯರನ್ನು ತಿನ್ನುವ, ನಿಧಾನವಾಗಿ ಬರುವ ಹೆಣಗಳು ಅಮೆರಿಕದ ನಿರ್ದೇಶಕ ಜಾರ್ಜ್ ರೊಮೆರೊ 1968ರಲ್ಲಿ ಮಾಡಿದ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಸಿನಿಮಾದಿಂದ ಬಂದವು. ಯಜಮಾನ ಇಲ್ಲ, ಮಾಟ ಇಲ್ಲ. ಮೆದುಳಿಗೆ ಏಟು ಬಿದ್ದರೆ ಮಾತ್ರ ಬೀಳುತ್ತವೆ. ಇವುಗಳ ಒಂದು ಗುಣವನ್ನು ಬಹಳ ಜನ ಮರೆಯುತ್ತಾರೆ: ಕಚ್ಚಿಸಿಕೊಳ್ಳಲೇಬೇಕು ಅಂತಿಲ್ಲ. ಯಾವ ಕಾರಣಕ್ಕೆ ಸತ್ತರೂ ಏಳುತ್ತಾರೆ. ಅಂದರೆ ಬಾಗಿಲಿಗೆ ಎಷ್ಟು ಹಲಗೆ ಹೊಡೆದರೂ ಅಪಾಯ ಒಳಗೇ ಇದೆ. ಆ ಸಿನಿಮಾದಲ್ಲಿ ಒಂದು ತೋಟದ ಮನೆಯೊಳಗೆ ಸಿಕ್ಕಿಬಿದ್ದವರು ಹೊರಗಿನವುಗಳಿಗಿಂತ ಜಾಸ್ತಿ ತಮ್ಮತಮ್ಮಲ್ಲೇ ಜಗಳವಾಡುತ್ತಾರೆ. ಕೊನೆಗೆ ಬದುಕಿ ಉಳಿದವನನ್ನು ಕಾಪಾಡಲು ಬಂದ ಜನರೇ ಜಾಂಬಿ ಅಂದುಕೊಂಡು ಗುಂಡು ಹೊಡೆಯುತ್ತಾರೆ. ಅಂದಹಾಗೆ, ‘ಮೆದುಳು, ಮೆದುಳು’ ಅಂತ ಬೇಡುವ ಜಾಂಬಿ ರೊಮೆರೊ ಅವರದ್ದಲ್ಲ. ಅದು 1985ರ ‘ದ ರಿಟರ್ನ್ ಆಫ್ ದ ಲಿವಿಂಗ್ ಡೆಡ್’ನದು. ಮೇಜಿಗೆ ಕಟ್ಟಿಹಾಕಿದ ಅರ್ಧ ದೇಹದ ಹೆಣವೊಂದು ಅದರಲ್ಲಿ ಬಾಯಿಬಿಟ್ಟು ಹೇಳುತ್ತದೆ, ಸತ್ತಿರುವುದೇ ಒಂದು ನೋವು, ಮೆದುಳು ತಿಂದರೆ ಆ ನೋವು ಕಡಿಮೆಯಾಗುತ್ತದೆ ಅಂತ. ನೋಡಿ, ಅದಕ್ಕೂ ಒಂದು ಕಾರಣ ಇಟ್ಟಿದ್ದಾರೆ.

ಓಡುವವುಗಳ ವಿಷಯಕ್ಕೆ ಬರೋಣ. ಡ್ಯಾನಿ ಬಾಯ್ಲ್ ನಿರ್ದೇಶಿಸಿದ ‘28 ಡೇಸ್ ಲೇಟರ್’ ಸಿನಿಮಾ 2002ರಲ್ಲಿ ಬಂತು. ಅದರಲ್ಲಿ ಇರುವವರು ಸತ್ತೇ ಇಲ್ಲ. ಸಿಟ್ಟಿನ ವೈರಸ್ ತಗುಲಿದ ಜೀವಂತ ಜನ ಅವರು. ಅದಕ್ಕೇ ಓಡುತ್ತಾರೆ, ಅದಕ್ಕೇ ಊಟವಿಲ್ಲದೆ ಕೊನೆಗೆ ಸಾಯುತ್ತಾರೆ. ಸೋಂಕು ತಗುಲಿದ ಕೆಲವೇ ಸೆಕೆಂಡಿನಲ್ಲಿ ಮನುಷ್ಯ ಮನುಷ್ಯನಾಗಿ ಉಳಿಯುವುದಿಲ್ಲ. ಒಬ್ಬ ತಂದೆಯ ಕಣ್ಣಿಗೆ ಮೇಲಿನಿಂದ ಒಂದು ತೊಟ್ಟು ರಕ್ತ ಬೀಳುತ್ತದೆ. ಏನಾಯಿತು ಅಂತ ಅವನಿಗೆ ತಕ್ಷಣ ಗೊತ್ತಾಗುತ್ತದೆ. ಮಗಳಿಗೆ ನೀನಂದ್ರೆ ನನಗೆ ಪ್ರಾಣ ಅಂತ ಹೇಳಿ, ಹತ್ತಿರ ಬರಬೇಡ ಅಂತ ಅವಳನ್ನು ದೂರ ತಳ್ಳುತ್ತಾನೆ. ಅಷ್ಟಕ್ಕೇ ಸಮಯ ಇರುವುದು. ಓಡುವ ಬಗೆಯ ಭಯ ಅದು, ವಿದಾಯ ಹೇಳಲೂ ಬಿಡುವುದಿಲ್ಲ. ನಿಧಾನದ ಬಗೆ ವಿದಾಯಕ್ಕೆ ಬೇಕಾದಷ್ಟು ಸಮಯ ಕೊಟ್ಟು ಹಿಂಸಿಸುತ್ತದೆ. ನಾನು ಇವೆರಡನ್ನೂ ಒಂದೇ ಕಥೆಯಲ್ಲಿ ಕಲಸಿದ್ದೆ.

ಬೇತಾಳನನ್ನಂತೂ ದಯವಿಟ್ಟು ಟೆರೇಸಿನಿಂದ ಇಳಿಸಿ. ನಮ್ಮದೂ ಒಂದು ಇರಲಿ ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಬೇತಾಳ ಜಾಂಬಿ ಅಲ್ವೇ ಅಲ್ಲ. ಹೆಣದೊಳಗೆ ಸೇರಿಕೊಂಡ, ವಿಕ್ರಮನಿಗಿಂತ ಚುರುಕಾದ ಬುದ್ಧಿ ಅದು. ಜಾಂಬಿಯಲ್ಲಿ ದೇಹ ಉಳಿದು ಮನಸ್ಸು ಹೋಗಿರುತ್ತದೆ. ಬೇತಾಳನಲ್ಲಿ ಯಾರದೋ ದೇಹಕ್ಕೆ ಇನ್ಯಾರದೋ ಮನಸ್ಸು ಬಂದಿರುತ್ತದೆ. ಅವನಿಂದ ಕಲಿಯುವುದಿದ್ದರೆ ನಿಯಮ ಕಲಿಯಿರಿ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಾವಿರ ಹೋಳು, ಬಾಯಿ ಬಿಟ್ಟರೆ ಹೆಣ ಮತ್ತೆ ಮರಕ್ಕೆ. ಹನ್ನೊಂದನೇ ಶತಮಾನದಲ್ಲಿ ಸೋಮದೇವ ಕಥಾಸರಿತ್ಸಾಗರದಲ್ಲಿ ಸೇರಿಸಿದಾಗಿನಿಂದ ನಮ್ಮ ಚಂದಮಾಮದ ತನಕ ಈ ನಿಯಮ ಹಾಗೇ ನಿಂತಿದೆ. ಕಥೆ ಮೇಲೆ ಕಥೆ ಬಂದರೂ ನಮಗೆ ಬೇಜಾರಾಗದೆ ಇದ್ದದ್ದು ಅದು ಸಡಿಲವಾಗದ್ದರಿಂದಲೇ.

ಜಾಂಬಿಯಲ್ಲಿ ಅಂಥ ಬಿಗಿ ನೋಡಬೇಕಾದರೆ 2016ರ ಕೊರಿಯನ್ ಸಿನಿಮಾ ‘ಟ್ರೈನ್ ಟು ಬುಸಾನ್’ ನೋಡಿ. ಅವು ಕಂಡದ್ದಕ್ಕೆ ಎಗರುತ್ತವೆ, ಕಾಣದಿದ್ದರೆ ಸುಮ್ಮನಾಗುತ್ತವೆ, ಬಾಗಿಲು ತೆಗೆಯಲು ಬರುವುದಿಲ್ಲ. ಬೋಗಿಯ ಗಾಜಿನ ಬಾಗಿಲಿಗೆ ನೀರು ಚಿಮುಕಿಸಿ ನ್ಯೂಸ್‌ಪೇಪರ್ ಅಂಟಿಸಿದ ಕೂಡಲೇ ಆಚೆ ಕಡೆಯ ಗದ್ದಲ ಇಳಿಯುತ್ತದೆ. ಸುರಂಗದ ಕತ್ತಲೆಯಲ್ಲಿ ದಾರಿ ಸಿಗುವುದೂ ಇದೇ ನಿಯಮದಿಂದ. ಓಡುವ ಜಾಂಬಿಗಳೇ, ಆದರೆ ಮೊದಲಿಂದ ಕೊನೆತನಕ ಒಂದೇ ಬಗೆ.

ಬಗೆಬಗೆಯವು ಬೇಕೇ ಬೇಕು ಅಂದರೆ ಒಂದೇ ಕಾರಣದಿಂದ ಹುಟ್ಟಿಸಿ. 2013ರ ‘ದ ಲಾಸ್ಟ್ ಆಫ್ ಅಸ್’ ಗೇಮ್‌ನಲ್ಲಿ ಹಾಗೆ ಮಾಡಿದ್ದಾರೆ. ಅಲ್ಲಿರುವುದು ಒಂದು ಬೂಷ್ಟು. ಇರುವೆಯ ದೇಹಕ್ಕೆ ಹೊಕ್ಕು, ಅದನ್ನು ಗಿಡ ಹತ್ತಿಸಿ, ಎಲೆ ಕಚ್ಚಿಸಿ ಸಾಯಿಸಿ, ತಲೆಯಿಂದ ಕಡ್ಡಿಯ ಹಾಗೆ ಹೊರಗೆ ಬೆಳೆಯುವ ಬೂಷ್ಟು ಕಾಡಿನಲ್ಲಿ ನಿಜವಾಗಿಯೂ ಇದೆ. ಗೇಮ್‌ನಲ್ಲಿ ಅದೇ ಮನುಷ್ಯನಿಗೆ ಬಂದಿದೆ. ಹೊಸದಾಗಿ ತಗುಲಿದವರು ಓಡುತ್ತಾರೆ. ಕಾಲ ಕಳೆದಂತೆ ಬೂಷ್ಟು ಮುಖ ಸೀಳಿಕೊಂಡು ಬೆಳೆದು ಕಣ್ಣು ಹೋಗುತ್ತದೆ, ಆಗ ಬಾಯಲ್ಲಿ ಲೊಟಲೊಟ ಸದ್ದು ಮಾಡುತ್ತಾ ಬಾವಲಿಯಂತೆ ದಾರಿ ಹುಡುಕುತ್ತಾರೆ. ಇಲ್ಲಿ ಒಂದೊಂದು ಬಗೆಯೂ ಆ ಮನುಷ್ಯ ಹೋಗಿ ಎಷ್ಟು ಕಾಲವಾಯಿತು ಅಂತ ಹೇಳುತ್ತದೆ. ಮಹಡಿ ಬದಲಾಯಿತು ಅನ್ನುವ ಕಾರಣಕ್ಕೆ ಬಗೆ ಬದಲಾಗುವುದಿಲ್ಲ.

ಆದರೆ ನನ್ನನ್ನು ಕೇಳಿದರೆ ನಿಮಗೆ ಅದೂ ಬೇಡ. ಪ್ರಶ್ನೆಯ ಕೊನೆಗೆ ಏಳನೇ ಮಹಡಿಯಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವ ಒಬ್ಬರು ರಿಟೈರ್ಡ್ ಮೇಷ್ಟ್ರು ಇದ್ದಾರೆ ಅಂತ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಾನು ಅಮ್ಮನನ್ನು ಪಂಪ್‌ಹೌಸಿನಲ್ಲಿ ಬಿಟ್ಟ ಹಾಗೆ ಅವರನ್ನು ಬಿಡಬೇಡಿ. ಯಾವ ಬಗೆ ಬೇಕು ಅನ್ನುವುದನ್ನು ಅವರೇ ತೀರ್ಮಾನಿಸುತ್ತಾರೆ. ರೊಮೆರೊ ಅವರ ನಿಯಮ ಇಟ್ಟುಕೊಳ್ಳಿ, ಯಾರು ಹೇಗೆ ಸತ್ತರೂ ಏಳುತ್ತಾರೆ. ಹೊರಗೆ ಹೋಗುವ ದಾರಿ ಮುಚ್ಚಿದೆ, ಆಸ್ಪತ್ರೆ ಇಲ್ಲ. ಮೇಷ್ಟ್ರಿಗೆ ಎಷ್ಟು ದಿನ ಇದೆ ಅಂತ ಇಡೀ ಮಹಡಿಗೆ ಗೊತ್ತು. ಅವರಿಗೂ ಗೊತ್ತು. ಕಾಲು ಊದುತ್ತಿದೆ, ಉಸಿರು ಕಟ್ಟುತ್ತಿದೆ, ನೀರನ್ನು ಅಳೆದು ಕುಡಿಯುತ್ತಿದ್ದಾರೆ. ಪಕ್ಕದ ಮನೆಯಲ್ಲಿ ಅವರು ಪಾಠ ಹೇಳಿಕೊಟ್ಟ ಹುಡುಗಿ ಇದ್ದಾಳೆ. ರಾತ್ರಿ ಅವರ ಜೊತೆ ಯಾರು ಮಲಗಬೇಕು? ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಬೇಕಾ? ಹಾಕಿದರೆ ಯಾವತ್ತಿನಿಂದ? ಇದನ್ನು ತೀರ್ಮಾನಿಸಲು ಅಸೋಸಿಯೇಷನ್‌ನವರು ಮೀಟಿಂಗ್ ಕರೆಯುವ ಕಂತನ್ನು ಮೊದಲು ಬರೆಯಿರಿ. ಮೀಟಿಂಗಿಗೆ ಮೇಷ್ಟ್ರನ್ನೂ ಕರೆಯಿರಿ.