ಬಳ್ಳಿಗಾವಿಯ ಕಲ್ಲು ನೋಡಿ ಬನ್ನಿ, ಮೇಷ್ಟ್ರೇ

ಸಾಗರದ ಹೈಸ್ಕೂಲು ಮೇಷ್ಟ್ರೊಬ್ಬರು ಬರೆದಿದ್ದಾರೆ: "ಹಳೇ ಕಾಲದ ವಿಶ್ವವಿದ್ಯಾಲಯ ಅಂದರೆ ನೀವೂ ನಳಂದ, ತಕ್ಷಶಿಲೆ ಅಂತಲೇ ಬರೆಯುತ್ತೀರಿ. ನಮ್ಮ ಕಡೆ ಏನೂ ಇರಲಿಲ್ಲವೇ? ಇದ್ದರೆ ಹುಡುಗರು ಏನು ಓದುತ್ತಿದ್ದರು, ಏನು ಆಡುತ್ತಿದ್ದರು?"

ಸಂಪಾದಕರ ಉತ್ತರ:

ಇತ್ತು ಮೇಷ್ಟ್ರೇ, ನಿಮ್ಮ ಜಿಲ್ಲೆಯಲ್ಲೇ ಇತ್ತು. ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಸ್ಥಾನವಿದೆಯಲ್ಲ, ಅದಕ್ಕೆ ಸೇರಿದ್ದ ಕೋಡಿಯ ಮಠ. ನಡೆಸುತ್ತಿದ್ದವರು ಕಾಳಾಮುಖರು, ಅಂದರೆ ಶೈವ ಸನ್ಯಾಸಿಗಳ ಒಂದು ಪಂಥದವರು. ಅಲ್ಲಿ ಏನೇನು ನಡೆಯುತ್ತಿತ್ತು ಅಂತ 1162ರ ಒಂದು ಶಾಸನ ಬಿಡಿಸಿ ಹೇಳುತ್ತದೆ. ಆಗ ಬಿಜ್ಜಳನ ಆಳ್ವಿಕೆ, ಮಠದ ಗುರು ವಾಮಶಕ್ತಿ. ಶಾಸನ ಸಂಶೋಧಕ ಬಿ.ಎಲ್. ರೈಸ್ 1902ರಲ್ಲೇ ಇದನ್ನು ಅಚ್ಚು ಹಾಕಿಸಿದ್ದಾರೆ. ಆದರೂ ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಓದಿನ ಪಟ್ಟಿ ನೋಡಿ. ವೇದ ಇದೆ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ ಇವೆ. ಇವು ಎಲ್ಲ ಕಡೆಯೂ ಇದ್ದವು ಅನ್ನಿ. ನಾನು ನಿಂತು ಓದಿದ್ದು ವ್ಯಾಕರಣದ ಸಾಲನ್ನು. ಪಾಣಿನಿಯ ಜೊತೆಗೆ ಶಾಕಟಾಯನನ ವ್ಯಾಕರಣವೂ ಅಲ್ಲಿದೆ. ಶಾಕಟಾಯನ ಜೈನ. ಶೈವ ಮಠದಲ್ಲಿ ಕೂತು ಜೈನ ಪಂಡಿತನ ವ್ಯಾಕರಣ ಓದಿಸುತ್ತಿದ್ದರು! ದರ್ಶನಗಳ ಸಾಲಿನಲ್ಲಿ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯದ ಜೊತೆ ಬೌದ್ಧವೂ ಬರುತ್ತದೆ. ಅದೇ ಊರಲ್ಲಿ 1065ರಲ್ಲಿ ಕಟ್ಟಿಸಿದ ಬೌದ್ಧ ವಿಹಾರವೂ ಇತ್ತು. ಎದುರು ಪಕ್ಷದವನ ಮಾತನ್ನು ಸುಮ್ನೆ ತಳ್ಳಿಹಾಕದೆ, ಅದನ್ನೂ ಪಾಠವಾಗಿ ಕಲಿಸುತ್ತಿದ್ದರು. ಅದಕ್ಕೇ ಇದನ್ನು ವಿಶ್ವವಿದ್ಯಾಲಯ ಅಂತ ಕರೆಯಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಊಟದ ಸಾಲು ಇನ್ನೂ ದೊಡ್ಡದು. ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕೊಳಲು ಊದುವವರು, ಕುಣಿಯುವವರು, ಕ್ಷಪಣಕರು ಅನ್ನುವ ಜೈನ ಮುನಿಗಳು, ಬೇರೆ ಬೇರೆ ಪಂಥದ ಸನ್ಯಾಸಿಗಳು, ಎಲ್ಲರಿಗೂ ಅಲ್ಲಿ ಅನ್ನ. ರೋಗಿಗಳಿಗೆ ಔಷಧ. ಓದುವ ಹುಡುಗ ಊಟಕ್ಕೆ ಎದ್ದು ಬಂದರೆ ಇವರೆಲ್ಲ ಅವನ ಕಣ್ಣಿಗೆ ಬೀಳುತ್ತಿದ್ದರು. ಹಾಗಂತ ಓದಿನ ಬಾಗಿಲು ಎಲ್ಲರಿಗೂ ತೆರೆದಿತ್ತು ಅಂದುಕೊಳ್ಳಬೇಡಿ. ಅನ್ನದ ಮುಂದೆ ಇದ್ದ ಧಾರಾಳತನ ಆ ಕಾಲದ ವಿದ್ಯೆಯಲ್ಲಿ ಇರಲಿಲ್ಲ. ಹುಟ್ಟು ನೋಡುತ್ತಿದ್ದರು. ನಿಮ್ಮ ಮಕ್ಕಳು ಕೇಳಿದರೆ ಇದನ್ನೂ ಮುಚ್ಚಿಡದೆ ಹೇಳಿ.

ಇನ್ನು ಆಟ. ಈ ಶಾಸನದಲ್ಲಿ ಆಟದ ಹೆಸರಿಲ್ಲ. ಆದರೆ ಪಂದ್ಯವಂತೂ ಇತ್ತು: ವಾದ. ಬಳ್ಳಿಗಾವಿಯದೇ 1036ರ ಇನ್ನೊಂದು ಶಾಸನ ಲಕುಳೀಶ್ವರ ಪಂಡಿತನನ್ನು ಹೊಗಳುವ ರೀತಿ ನೋಡಬೇಕು. ವಾದಿರುದ್ರಗುಣ ಅನ್ನುವ ಬಿರುದು, ಅವನ ಎದುರು ನಿಲ್ಲಲಾರದ ಪಂಡಿತರ ಹೆಸರುಗಳು, ಕುಸ್ತಿ ಅಖಾಡದ ಜಟ್ಟಿಯ ವರ್ಣನೆಯ ಹಾಗೇ ಇದೆ. ನಿಜವಾದ ಕುಸ್ತಿಗೆ ಅರಮನೆಯ ಆಸರೆ ಇತ್ತು. ಚಾಲುಕ್ಯ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸ ಅನ್ನುವ ಗ್ರಂಥದಲ್ಲಿ ಮಲ್ಲರ ಸಾಧನೆ, ಪಟ್ಟುಗಳ ಬಗ್ಗೆಯೇ ಒಂದು ಭಾಗ ಬರೆದಿದ್ದಾನೆ.

ಓದುವ ಹುಡುಗರ ಮೈಯಲ್ಲಿ ಬಲವಿರಲಿಲ್ಲ ಅಂತಲೂ ಅಲ್ಲ. ಬಳ್ಳಿಗಾವಿಗೆ ಹತ್ತಿರದ ತಾಳಗುಂದದ ಮಯೂರಶರ್ಮನ ಕಥೆ ನಿಮಗೆ ಗೊತ್ತೇ ಇದೆ. ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ, ಅಂದರೆ ಅಲ್ಲಿನ ದೊಡ್ಡ ವಿದ್ಯಾಪೀಠಕ್ಕೆ, ಓದಲು ಹೋದವನು. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು. ದರ್ಭೆ, ಸಮಿತ್ತು, ಸೌಟು ಹಿಡಿದು ಪಳಗಿದ್ದ ಕೈಯಲ್ಲಿ ಕತ್ತಿ ಹಿಡಿದ ಅನ್ನುತ್ತದೆ ತಾಳಗುಂದದ ಶಾಸನ. ಕದಂಬ ರಾಜ್ಯ ಹುಟ್ಟಿದ್ದು ಒಬ್ಬ ವಿದ್ಯಾರ್ಥಿಯ ಸಿಟ್ಟಿನಿಂದ. ಇದನ್ನು ಹೇಳಿದರೆ ನಿಮ್ಮ ಕ್ಲಾಸು ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತದೆ, ಅಲ್ವಾ?

ಈ ಸಲದ ಶಾಲಾ ಪ್ರವಾಸಕ್ಕೆ ದೂರದೂರು ಬೇಡ. ಬೆಳಿಗ್ಗೆ ಆ ಶಾಸನವಿರುವ ತಾಳಗುಂದದ ಕಂಬ, ಮಧ್ಯಾಹ್ನ ಬಳ್ಳಿಗಾವಿ. ಎರಡೂ ಒಂದೇ ದಿನಕ್ಕೆ ಆರಾಮಾಗಿ ಮುಗಿಯುತ್ತವೆ. ಹಳಗನ್ನಡ ಲಿಪಿ ಓದಬಲ್ಲ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಮಕ್ಕಳು ಏನು ಕೇಳಿದರು ಅಂತ ಬರೆದು ಕಳಿಸಿ, ಪ್ರಕಟಿಸುತ್ತೇವೆ.