ಆಹಾರ ಹಾಕಿದರೂ ಕ್ಲೌನ್‌ಫಿಶ್ ಮರಿಗಳು ನಾಲ್ಕೇ ದಿನಕ್ಕೆ ಸಾಯುವುದು ಯಾಕೆ?

ಜಯನಗರದ ಮನೆಯಲ್ಲಿ 20 ಲೀಟರ್ ತೊಟ್ಟಿ, ಮೊದಲ ದಿನದಿಂದಲೇ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿಯ ಮರಿ) ಮತ್ತು ಪುಡಿ ಆಹಾರ, ನಾಲ್ಕನೇ ದಿನಕ್ಕೆ ಒಂದು ಮರಿಯೂ ಇಲ್ಲ ಅಂದಿರಿ. ನನ್ನ ಅಂದಾಜಿನಲ್ಲಿ ಅವು ಹಸಿವಿನಿಂದಲೇ ಸತ್ತಿವೆ.

ಆಗಷ್ಟೇ ಮೊಟ್ಟೆಯೊಡೆದು ಬಂದ ಆರ್ಟೀಮಿಯಾ 400–500 ಮೈಕ್ರಾನ್, ಅಂದರೆ ಸುಮಾರು ಅರ್ಧ ಮಿ.ಮೀ. ಇರುತ್ತದೆ. ಕ್ಲೌನ್ ಮರಿಯೇ 4 ಮಿ.ಮೀ. ಆಸುಪಾಸು. ಕಚ್ಚಿ ತುಂಡು ಮಾಡಲು ಬರದು, ಇಡಿಯಾಗಿ ನುಂಗಬೇಕು. ಆದ್ದರಿಂದ ಬೇಟೆಯ ಉದ್ದಕ್ಕಿಂತ ಅಗಲ ಮುಖ್ಯ. ಬಾಯಿ ಅಗಲಿಸಿದರೂ ಅದರ ಅರ್ಧಕ್ಕಿಂತ ಸಣ್ಣದನ್ನೇ ಮರಿ ಹೆಚ್ಚಾಗಿ ಆರಿಸುತ್ತದೆ. ಮೊದಲ ದಿನಗಳ ಮರಿಗೆ ಆರ್ಟೀಮಿಯಾ ದೊಡ್ಡದಾಗುತ್ತದೆ. ಕಡಲಲ್ಲಿ ಅದಕ್ಕೆ ಕೋಪೆಪಾಡ್ ಎಂಬ ಪುಟ್ಟ ಜೀವಿಗಳ ಮರಿಗಳು ಸಿಗುತ್ತವೆ, ಮನೆಯಲ್ಲಿ ರೋಟಿಫರ್ ಎಂಬ ಸೂಕ್ಷ್ಮ ನೀರುಜೀವಿಯೇ ಗತಿ. ಪುಡಿ ಅಲುಗಾಡುವುದಿಲ್ಲ, ಮರಿಯ ಕಣ್ಣಿಗೆ ಅದು ಊಟವೇ ಅಲ್ಲ. ತಳಕ್ಕಿಳಿದು ಕೊಳೆತು ಅಮೋನಿಯಾ ಏರಿಸುತ್ತದೆ, ಅಷ್ಟೇ.

ಲೆನ್ಸ್ ಹಿಡಿದು ಒಂದು ಮರಿಯನ್ನು ನೋಡಿ. ಬೇಟೆ ಕಂಡಾಗ ಬಾಲ ಮಡಚಿ ಮೈಯನ್ನು ಹಾವಿನಂತೆ ಬಳುಕಿಸಿ, ಕ್ಷಣ ನಿಂತು, ಚಿಮ್ಮುತ್ತದೆ. ಬಳುಕಿಸಿ ಸುಮ್ಮನೆ ಬಿಟ್ಟರೆ ಬೇಟೆ ದೊಡ್ಡದಾಗಿರಬಹುದು. ಬಳುಕಿಸುವುದೇ ಇಲ್ಲವೆಂದರೆ ಬೇಟೆ ಕಾಣುತ್ತಿಲ್ಲ, ಇಲ್ಲವೇ ತೀರಾ ವಿರಳ. ತನ್ನ ಮೈಯುದ್ದದಾಚೆ ಇರುವುದು ಅದಕ್ಕೆ ಸಿಗುವುದು ಕಷ್ಟ.

ಅದಕ್ಕೇ ಮಿ.ಲೀ.ಗೆ 10 ರೋಟಿಫರ್ ಬೇಕು. ನಿಮ್ಮ ತೊಟ್ಟಿಗೆ 2 ಲಕ್ಷ! ಪಿಪೆಟ್‌ನಲ್ಲಿ 1 ಮಿ.ಲೀ. ಎಳೆದು ಬೆಳಕಿಗೆ ಹಿಡಿದರೆ ಬಿಳಿ ಚುಕ್ಕೆಗಳಂತೆ ಎಣಿಸಬಹುದು. ನೀರಿಗೆ ನ್ಯಾನೋಕ್ಲೋರಾಪ್ಸಿಸ್ ಪಾಚಿಯನ್ನು ತೆಳು ಹಸಿರಾಗುವಷ್ಟು ಬೆರೆಸಿ: ರೋಟಿಫರ್‌ಗೆ ಊಟ, ಮರಿಗೆ ಬೇಟೆ ಎದ್ದು ಕಾಣಲು ಹಿನ್ನೆಲೆ. ಬರೀ ಹೊಟ್ಟೆಯ ರೋಟಿಫರ್ ತಿಂದ ಮರಿಗೆ ದಕ್ಕುವುದು ಖಾಲಿ ಚೀಲ. ಬದಿಗಳಿಗೆ ಕಪ್ಪು ಕಾಗದ ಅಂಟಿಸಿ, ದೀಪ ಮೇಲಿನಿಂದ ಮಾತ್ರ ಇರಲಿ. ಬದಿಯಿಂದ ಬೆಳಕು ಬಿದ್ದರೆ ಮರಿಗಳು ಗಾಜಿಗೇ ಮುತ್ತುತ್ತವೆ.

ಆರ್ಟೀಮಿಯಾವನ್ನು ಐದಾರನೇ ದಿನದಿಂದ ಸ್ವಲ್ಪಸ್ವಲ್ಪ ಕೊಡಿ, ಎರಡು ಮೂರು ದಿನ ರೋಟಿಫರ್ ಜೊತೆಗೇ. ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ತಿರುಗದಿದ್ದರೆ ಇನ್ನೂ ಕಾಯಿರಿ.

ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಹೀಟರ್ ಇಲ್ಲದೆ ಆಗದು, 26–27 ಡಿಗ್ರಿ ಇರಲಿ. ನಲ್ಲಿ ನೀರಿನಲ್ಲಿ ಉಪ್ಪು ಕಲಸುವ ಮೊದಲು ಕ್ಲೋರಿನ್ ತೆಗೆಯಿರಿ, ಇಲ್ಲವಾದರೆ ರೋಟಿಫರ್ ರಾತ್ರೋರಾತ್ರಿ ನಾಶ. ರೋಟಿಫರ್ ಸಾಕುವುದು ಮೀನು ಸಾಕುವುದಕ್ಕಿಂತ ದೊಡ್ಡ ತಲೆನೋವು, ಒಪ್ಪುತ್ತೇನೆ. ಆದರೆ ಕ್ಲೌನ್ ಮೊಟ್ಟೆ ಒಡೆಯಲು ವಾರದಷ್ಟು ಸಮಯವಿರುತ್ತದೆ. ಮೊಟ್ಟೆ ಕಂಡ ದಿನವೇ ರೋಟಿಫರ್ ಸಾಕುವುದನ್ನು ಶುರು ಮಾಡಿ.