ನನ್ನ ರೇಡಿಯೋ ಡಿಶ್‌ನಲ್ಲಿ 1420 ಮೆಗಾಹರ್ಟ್ಸ್ ಹತ್ತಿರ ಜಾರುವ ಗೆರೆ, ಅಂದರೆ ಆವರ್ತನ ಮೆಲ್ಲಗೆ ಬದಲಾಗುವ ಸಂಕೇತ, ಸಿಕ್ಕಿದೆ. ಜಾರುತ್ತಿರುವುದರಿಂದ ಇದು ಆಕಾಶದ್ದೇ, ಬಹುಶಃ ಅನ್ಯಜೀವಿಗಳದ್ದು. ಇದನ್ನು ಸ್ಪಷ್ಟವಾಗಿ ಹಿಡಿಯಲು ಯಾವ ಎಲ್‌ಎನ್‌ಎ (ಕ್ಷೀಣ ಸಂಕೇತವನ್ನು ಹಿಗ್ಗಿಸುವ ಆಂಪ್ಲಿಫೈಯರ್) ಕೊಳ್ಳಲಿ?

ಯಾವುದನ್ನೂ ಕೊಳ್ಳಬೇಡಿ. ಗೆರೆ ಜಾರುತ್ತಿದೆ, ಹಾಗಾಗಿ ಆಕಾಶದ್ದೇ ಅಂತೀರಲ್ಲ, ಎರಡು ತಿಂಗಳು ನಾನೂ ಹಾಗೇ ನಂಬಿದ್ದೆ. ತಾರಸಿ ಮೇಲೆ ಒಂದು ಮೀಟರ್ ಡಿಶ್, ಕಂಪ್ಯೂಟರಿಗೆ ಚುಚ್ಚುವ ಅಗ್ಗದ ರೇಡಿಯೋ ಗ್ರಾಹಕ (ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್), 1420.0ರಲ್ಲಿ ಸೂಜಿಯಂಥ ಗೆರೆ. ವಾಟರ್‌ಫಾಲ್‌ನಲ್ಲಿ (ಆವರ್ತನ ಸಮಯದೊಂದಿಗೆ ಬದಲಾಗುವುದನ್ನು ತೋರಿಸುವ ಚಿತ್ರ) ಮೆಲ್ಲಗೆ ಕಡಿಮೆ ಆವರ್ತನದ ಕಡೆಗೆ ವಾಲುತ್ತಿತ್ತು. ಭೂಮಿ ತಿರುಗುವುದರಿಂದ ಆಕಾಶದ ಸಂಕೇತಕ್ಕೆ ಬರುವ ಆವರ್ತನದ ಜಾರಿಕೆ (ಡಾಪ್ಲರ್ ಡ್ರಿಫ್ಟ್) ಕೂಡ ಆ ಕಡೆಗೇ ಇರುತ್ತದೆ. ದಿಕ್ಕು ತಾಳೆಯಾಯಿತು ಅಂತ ಹಿಗ್ಗಿದೆ, ಎಷ್ಟು ಅಂತ ಅಳೆಯಲೇ ಇಲ್ಲ. ಅಲ್ಲೇ ಕೆಟ್ಟಿದ್ದು.

ಲೆಕ್ಕ ಕಷ್ಟದ್ದಲ್ಲ. ಭೂಮಿಯ ಸುತ್ತುವಿಕೆಯ ವೇಗೋತ್ಕರ್ಷ ಸಮಭಾಜಕದಲ್ಲಿ ಸೆಕೆಂಡಿನ ವರ್ಗಕ್ಕೆ 0.034 ಮೀಟರ್. ಅದನ್ನು ಬೆಳಕಿನ ವೇಗದಿಂದ ಭಾಗಿಸಿ, 1420 ಮೆಗಾಹರ್ಟ್ಸ್‌ನಿಂದ ಗುಣಿಸಿದರೆ ಸೆಕೆಂಡಿಗೆ 0.16 ಹರ್ಟ್ಸ್. ಬೆಂಗಳೂರಿನಲ್ಲಿ ಇನ್ನೂ ಒಂಚೂರು ಕಡಿಮೆ. ಹತ್ತು ನಿಮಿಷಕ್ಕೆ ಹೆಚ್ಚೆಂದರೆ 95 ಹರ್ಟ್ಸ್. ನನ್ನ ಗೆರೆ ಅಷ್ಟರಲ್ಲಿ 3 ಕಿಲೋಹರ್ಟ್ಸ್ ಜಾರಿತ್ತು! ಡಾಂಗಲ್ ಒಳಗಿನ 28.8 ಮೆಗಾಹರ್ಟ್ಸ್ ಕ್ರಿಸ್ಟಲ್, ಅಂದರೆ ಆವರ್ತನ ಅಳೆಯುವ ಅದರ ಗಡಿಯಾರ, ಬಿಸಿಯಾಗುತ್ತಾ ಹೋದಂತೆ ಅಳತೆಕೋಲೇ ಹಿಗ್ಗುತ್ತಿತ್ತು. ಈ ಆವರ್ತನದಲ್ಲಿ ಒಂದು ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ವ್ಯತ್ಯಾಸ ಅಂದರೆ 1420 ಹರ್ಟ್ಸ್. 95 ಹರ್ಟ್ಸನ್ನು ನಂಬುವಂತೆ ಅಳೆಯಬೇಕಾದರೆ ಗಡಿಯಾರ 0.01 ಪಿಪಿಎಂ ಒಳಗೆ ಅಲುಗದೆ ನಿಲ್ಲಬೇಕು. ಅದಕ್ಕೆ ಜಿಪಿಎಸ್‌ಗೆ ಕಟ್ಟಿದ ಆಸಿಲೇಟರೇ ಬೇಕು, ಬಿಸಿಯ ಏರಿಳಿತವನ್ನು ಸರಿದೂಗಿಸುವ ಒಂದು ಪಿಪಿಎಂ ಕ್ರಿಸ್ಟಲ್ (ಟಿಸಿಎಕ್ಸ್‌ಒ) ಸಾಲದು.

ಸಂಕೇತ ಕಳಿಸಿದ ಗ್ರಹವೂ ತಿರುಗುತ್ತಿರಬಹುದಲ್ಲ ಅಂತ ನೀವು ಕೇಳಬಹುದು. ನಿಜ, ಅದರ ಡ್ರಿಫ್ಟೂ ಸೇರುತ್ತದೆ. ಆದರೆ ಡಾಂಗಲ್ ಹಚ್ಚಿ ಅರ್ಧ ಗಂಟೆಗೆ ಸರಿಯಾಗಿ ನಿಂತುಹೋಗುವ ಡ್ರಿಫ್ಟ್ ಯಾವ ಗ್ರಹದ್ದೂ ಅಲ್ಲ. ಜಾರಿಕೆ ಡಾಂಗಲ್‌ನದ್ದು, ಗೆರೆಯ ಮೂಲ ಮಾತ್ರ ಪಕ್ಕದಲ್ಲಿದ್ದ ಎಲೆಕ್ಟ್ರಾನಿಕ್ ಬೋರ್ಡಿನ 20 ಮೆಗಾಹರ್ಟ್ಸ್ ಕ್ರಿಸ್ಟಲ್; ಅದು ತನ್ನ ಆವರ್ತನದ ಗುಣಕಗಳಲ್ಲೂ ಸೂಸುತ್ತದೆ. 71ರಿಂದ ಗುಣಿಸಿ ನೋಡಿ.

ನೀವೂ ಮೊದಲು ಅರ್ಧ ಗಂಟೆ ಡಾಂಗಲ್ ಬಿಸಿಯಾಗಲು ಬಿಡಿ. ಆಮೇಲೆ ಆಂಟೆನಾ ಬಿಚ್ಚಿ ಅದರ ಜಾಗಕ್ಕೆ 50 ಓಮ್ ಲೋಡ್ (ಏನನ್ನೂ ಹಿಡಿಯದ ಮುಚ್ಚಳದಂಥ ರೋಧಕ) ಹಾಕಿ. ಗೆರೆ ಹಾಗೇ ಇದ್ದರೆ ಅದು ನಿಮ್ಮ ಪೆಟ್ಟಿಗೆಯೊಳಗಿನದು. ಹೋದರೆ ಮತ್ತೆ ಆಂಟೆನಾ ಜೋಡಿಸಿ, ಐದು ನಿಮಿಷ ನಕ್ಷತ್ರದ ಕಡೆ, ಐದು ನಿಮಿಷ ಬೇರೆ ಕಡೆ, ಹೀಗೆ ಮೂರು ಸಲ ಡಿಶ್ ತಿರುಗಿಸಿ. ನಕ್ಷತ್ರದ ಕಡೆ ಇದ್ದಾಗ ಮಾತ್ರ ಕಂಡರೂ ಕುಣಿಯಬೇಡಿ. 2019ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕ ಪ್ರಾಕ್ಸಿಮಾ ಸೆಂಟಾರಿ ಕಡೆ ನೋಡುವಾಗ ಸಿಕ್ಕ 982.002 ಮೆಗಾಹರ್ಟ್ಸ್ ಸಂಕೇತ ಈ ಪರೀಕ್ಷೆಯನ್ನೂ ದಾಟಿತ್ತು, ಡ್ರಿಫ್ಟೂ ಇತ್ತು. ಅದೇ ಆಕಾರದ ಗೆರೆಗಳು ಬೇರೆ ಆವರ್ತನಗಳಲ್ಲೂ ಸಿಕ್ಕ ಮೇಲೆ, 2021ರಲ್ಲಿ, ಅದು ನಮ್ಮದೇ ಉಪಕರಣಗಳ ಗದ್ದಲ ಎಂದು ತೀರ್ಮಾನವಾಯಿತು.

ಮೀಟರ್ ಡಿಶ್‌ಗೆ ಹೇಳಿಮಾಡಿಸಿದ ಕೆಲಸ ಆಕಾಶಗಂಗೆಯ ಜಲಜನಕ: 1420.406 ಸುತ್ತ ನೂರಾರು ಕಿಲೋಹರ್ಟ್ಸ್ ಅಗಲದ ದಿಬ್ಬ, ಸೂಜಿಯಲ್ಲ. ಅನ್ಯಜೀವಿಗಳನ್ನೇ ಹುಡುಕಬೇಕೆಂದಿದ್ದರೆ ಅದನ್ನೇ ಹುಡುಕುವ ಬ್ರೇಕ್‌ಥ್ರೂ ಲಿಸನ್ ಯೋಜನೆಯವರು ಅಮೆರಿಕದ ಗ್ರೀನ್ ಬ್ಯಾಂಕ್ ದೂರದರ್ಶಕದ ದತ್ತಾಂಶವನ್ನು ಪುಕ್ಕಟೆ ಕೊಡುತ್ತಾರೆ. ಜಾರುವ ಗೆರೆ ಹುಡುಕುವ ಟರ್ಬೋಸೆಟಿ ತಂತ್ರಾಂಶ ಹಾಕಿಕೊಂಡು ಮೊದಲು ವಾಯೇಜರ್-1 ನೌಕೆಯ ಸಂಕೇತದ ಫೈಲ್ ಓಡಿಸಿ, ಗರಿಷ್ಠ ಡ್ರಿಫ್ಟ್ ಸೆಕೆಂಡಿಗೆ 4 ಹರ್ಟ್ಸ್, ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಂಕೇತದ ಬಲ) 25. 8419.3 ಮೆಗಾಹರ್ಟ್ಸ್ ಹತ್ತಿರ ಮೂರು ಗೆರೆ ಸಿಗಬೇಕು, ನಡುವಿನದಕ್ಕೆ ಸೆಕೆಂಡಿಗೆ ಸುಮಾರು -0.37 ಹರ್ಟ್ಸ್. ಸಿಗದಿದ್ದರೆ ಇನ್‌ಸ್ಟಾಲ್‌ನಲ್ಲೇ ಏನೋ ಎಡವಟ್ಟಾಗಿದೆ.